ಕೊಂದವನ ಬಾಯಿಯ ಮಾತು

ಭಾರತೀಯ ಕಾವ್ಯಮೀಮಾಂಸೆಯು ಪ್ರಣಯಿಗಳ ನಡುವಿನ ಈರ್ಷ್ಯೆಗೆ ಶೃಂಗಾರರಸದ ಮನೆಯೊಳಗೇ ಒಂದು ಕೋಣೆಯನ್ನು ಬಿಟ್ಟುಕೊಟ್ಟಿದೆ. ಅಗಲಿಕೆಯ ಶೃಂಗಾರವಾದ ವಿಪ್ರಲಂಭದಲ್ಲಿ ‘ಮಾನ’ ಎಂಬುದು ಒಂದು ಬಗೆ. ಅದರಲ್ಲಿಯೂ ಒಲವಿನ ಸಲಿಗೆಯಿಂದಲೇ ಹುಟ್ಟುವ ಮುನಿಸು ಪ್ರಣಯಮಾನವೆನಿಸಿದರೆ, ನಾಯಕನು ಮತ್ತೊಬ್ಬಳಲ್ಲಿ ಮನಸ್ಸಿಟ್ಟನೆಂಬುದನ್ನು ಕಂಡೋ ಕೇಳಿಯೋ ಊಹಿಸಿಯೋ ನಾಯಿಕೆ ತಾಳುವ ಕೋಪ ಈರ್ಷ್ಯಾಮಾನವೆನಿಸುತ್ತದೆ. ಅದನ್ನು ಇಳಿಸಲು ಸವಿಮಾತಿನಿಂದ ಹಿಡಿದು ಕಾಲಿಗೆ ಬೀಳುವವರೆಗೆ ಆರು ಉಪಾಯಗಳನ್ನು ಧನಂಜಯನ ‘ದಶರೂಪಕ’ ಎಣಿಸಿ ಹೇಳುತ್ತದೆ. ಈ ವ್ಯವಸ್ಥೆಯಲ್ಲಿ ಈರ್ಷ್ಯೆ ಹೆಣ್ಣಿನ ಪಾಲಿಗೆ ಬಂದದ್ದು, ಮತ್ತು ಅದರ ಕೊನೆ ಸಮಾಧಾನ. 19ನೆಯ ಶತಮಾನದ ಯುರೋಪಿನ ಕಾವ್ಯವನ್ನು ಕೈಗೆತ್ತಿಕೊಂಡ ಓದುಗನಿಗೆ ಈ ಎರಡೂ ತಲೆಕೆಳಗಾಗಿ ಕಾಣುತ್ತವೆ: ಅಲ್ಲಿ ಈರ್ಷ್ಯೆಗೊಳ್ಳುವವನು ಬಹುಮಟ್ಟಿಗೆ ಗಂಡಸು, ಅವನನ್ನು ಸಂತೈಸುವ ಉಪಾಯ ಯಾರ ಬಳಿಯೂ ಇಲ್ಲ, ಮತ್ತು ಕತೆ ಮುಗಿಯುವುದು ಹೆಣದ ಪಕ್ಕದಲ್ಲಿ.

ಈರ್ಷ್ಯೆಯಿಂದ ಕೊಂದವರ ಕತೆಗಳು ಅದಕ್ಕೆ ಮೊದಲೂ ಬೇಕಾದಷ್ಟಿದ್ದವು. ಲಾವಣಿಗಳಿಗೂ ರಂಗಭೂಮಿಗೂ ಅದು ಎಂದೂ ಬತ್ತದ ಸರಕು. ಷೇಕ್ಸ್‌ಪಿಯರನ ‘ಒಥೆಲೊ’ವನ್ನು ಬಸವಪ್ಪಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ಅಳವಡಿಸಿದ್ದೂ ಆ 19ನೆಯ ಶತಮಾನದಲ್ಲಿಯೇ. ಆದರೆ ಆ ಕಾಲದ ಕವಿಗಳು ಹೊಸದಾಗಿ ಮಾಡಿದ್ದು ಬೇರೆ. ಕೊಲೆಯನ್ನು ಹೊರಗೆ ನಿಂತು ವರ್ಣಿಸುವುದನ್ನು ಬಿಟ್ಟು, ಕೊಂದವನ ಬಾಯಿಗೇ ಮಾತನ್ನು ಒಪ್ಪಿಸಿ, ಅವನು ಆಡಿದ್ದಕ್ಕೆ ಒಂದಕ್ಷರದ ತೀರ್ಪನ್ನೂ ಸೇರಿಸದೆ ಓದುಗನ ಮುಂದಿಟ್ಟರು. ಈ ಕೆಲಸದಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನನ್ನು (1812–1889) ಮೀರಿಸಿದವರಿಲ್ಲ.

ಬ್ರೌನಿಂಗ್ ಬೆಳೆಸಿದ ಪ್ರಕಾರಕ್ಕೆ ಇಂಗ್ಲಿಷಿನಲ್ಲಿ ‘ಡ್ರಮ್ಯಾಟಿಕ್ ಮೊನೊಲಾಗ್’ ಎಂಬ ಹೆಸರಿದ್ದು, ಕನ್ನಡದ ವಿಮರ್ಶೆಯಲ್ಲಿ ಅದನ್ನು ‘ನಾಟಕೀಯ ಸ್ವಗತ’ ಎಂದು ಕರೆಯುವ ರೂಢಿಯಿದೆ. ಈ ಅನುವಾದ ತುಸು ದಾರಿತಪ್ಪಿಸುವಂಥದು. ಸ್ವಗತವೆಂದರೆ ರಂಗದ ಮೇಲಿನ ಪಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು, ಆದ್ದರಿಂದ ಅದರಲ್ಲಿ ಸುಳ್ಳಿಗೆ ಎಡೆ ಕಡಿಮೆ. ಬ್ರೌನಿಂಗ್‌ನ ಪಾತ್ರಗಳಾದರೋ ಸಾಮಾನ್ಯವಾಗಿ ಎದುರಿಗೆ ಕುಳಿತ ಒಬ್ಬನನ್ನು ಒಲಿಸಲು, ಬೆದರಿಸಲು ಅಥವಾ ನಂಬಿಸಲು ಮಾತನಾಡುತ್ತವೆ. ಕೇಳುಗ ಬಾಯಿ ಬಿಡುವುದಿಲ್ಲ, ಕವಿಯೂ ನಡುವೆ ಬರುವುದಿಲ್ಲ. ಹೇಳುವವನು ಬಚ್ಚಿಡಲು ಹೊರಟದ್ದು ಅವನ ಮಾತಿನ ಸಂದಿಯಿಂದಲೇ ಸೋರಿ ಹೊರಬೀಳುವಂತೆ ಕವಿತೆಯನ್ನು ಕಟ್ಟಲಾಗಿರುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆಯನ್ನು ವಕೀಲನೊಬ್ಬ ಆಲಿಸುವ ರೀತಿಯಲ್ಲಿ ಇಂಥ ಕವಿತೆಗಳನ್ನು ಓದಬೇಕಾಗುತ್ತದೆ.

ಮೊದಲ ಮುಖ್ಯ ಉದಾಹರಣೆಯಾದ ‘ಪಾರ್ಫೀರಿಯಾಸ್ ಲವರ್’ನಲ್ಲಿ, ಬೇರೆಡೆ ಕಾಣುವ ಆ ಕೇಳುಗನೂ ಇಲ್ಲ. 60 ಸಾಲುಗಳ ಈ ಕವಿತೆ 1836ರ ಜನವರಿಯಲ್ಲಿ ‘ಮಂಥ್ಲಿ ರೆಪಾಸಿಟರಿ’ ಎಂಬ ಪತ್ರಿಕೆಯಲ್ಲಿ ಪ್ರಕಟವಾದಾಗ ಕವಿಗೆ 23 ವರ್ಷ. ಬಿರುಗಾಳಿಯ ರಾತ್ರಿ ಪಾರ್ಫೀರಿಯಾ ಎಂಬ ಸಿರಿವಂತ ಮನೆತನದ ಹೆಣ್ಣು ಔತಣವೊಂದನ್ನು ಬಿಟ್ಟು ಬಡ ಪ್ರಿಯಕರನ ಗುಡಿಸಲಿಗೆ ಬರುತ್ತಾಳೆ. ಚಳಿಯನ್ನು ಹೊರಗಿಟ್ಟು ಬಾಗಿಲು ಮುಚ್ಚಿ, ಒಲೆಯ ಬೆಂಕಿಯನ್ನು ಎಬ್ಬಿಸಿ, ನೆನೆದ ಮೇಲಂಗಿಯನ್ನೂ ಕೈಗವಸುಗಳನ್ನೂ ಕಳಚಿ, ಮಾತಿಗೆ ಉತ್ತರಿಸದೆ ಕುಳಿತಿರುವವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಳ್ಳುತ್ತಾಳೆ. ಈವರೆಗಿನ ಎಲ್ಲ ಕ್ರಿಯೆಯೂ ಅವಳದು. ಅವಳು ತನ್ನನ್ನು ಪೂಜಿಸುತ್ತಾಳೆಂದು ಅವನಿಗೆ ಖಚಿತವಾಗುವ ಗಳಿಗೆಯಿಂದ ಕ್ರಿಯಾಪದಗಳೆಲ್ಲ ಅವನ ಕೈಗೆ ಬರುತ್ತವೆ: ಅವಳ ಹೊಂಬಣ್ಣದ ಕೂದಲನ್ನೇ ಹಗ್ಗದಂತೆ ಹಿಡಿದು ಕೊರಳಿಗೆ ಮೂರು ಸುತ್ತು ಸುತ್ತಿ ಉಸಿರು ಕಟ್ಟಿಸುತ್ತಾನೆ, ಆಮೇಲೆ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ರಾತ್ರಿಯಿಡೀ ಕೂರುತ್ತಾನೆ. ದೇವರು ಇನ್ನೂ ಏನೂ ಅಂದಿಲ್ಲವೆಂಬುದು ಅವನ ಕೊನೆಯ ಮಾತು.

ಇಲ್ಲಿ ಪ್ರತಿಸ್ಪರ್ಧಿ ಎಂಬವನೇ ಇಲ್ಲ ಎಂಬುದನ್ನು ಗಮನಿಸಬೇಕು. ಅವಳು ಬೇರೊಬ್ಬನ ಪಾಲಾಗಿಲ್ಲ, ಆಗುವೆನೆಂದೂ ಹೇಳಿಲ್ಲ. ಅವನಿಗಿರುವ ಅಂಜಿಕೆ ನಾಳಿನದು. ನಾಳೆ ಅವಳು ಮತ್ತೆ ತನ್ನ ಬಂಧುಬಳಗಕ್ಕೂ ಅಂತಸ್ತಿಗೂ ಹಿಂದಿರುಗಬಹುದು, ಮನಸ್ಸು ಬದಲಿಸಬಹುದು. ಹೀಗಾಗಿ ಅವನ ಈರ್ಷ್ಯೆಗೆ ಗುರಿ ಮತ್ತೊಬ್ಬ ಗಂಡಸಲ್ಲ, ಕಾಲ. ಕನ್ನಡದ ‘ಹೊಟ್ಟೆಕಿಚ್ಚು’ ಎಂಬ ಮಾತು ಪರರ ಏಳಿಗೆಯನ್ನು ಸಹಿಸದ ಅಸೂಯೆಗೂ, ತನ್ನದು ಕೈತಪ್ಪೀತೆಂಬ ಈರ್ಷ್ಯೆಗೂ ಒಟ್ಟಾಗಿ ಸಲ್ಲುತ್ತದೆ. ಬ್ರೌನಿಂಗ್ ಹಿಡಿದು ತೋರಿಸುವುದು ಎರಡನೆಯದರ ಶುದ್ಧ ರೂಪವನ್ನು. ಈ ಭಯಾನಕ ನಿರೂಪಣೆಯ ಛಂದಸ್ಸು ಎಲ್ಲಿಯೂ ಏದುಸಿರು ಬಿಡುವುದಿಲ್ಲ, ಐದೈದು ಸಾಲಿನ ಪ್ರಾಸ ಅಚ್ಚುಕಟ್ಟಾಗಿ ಕೂತು, ಹೇಳುವವನ ನೆಮ್ಮದಿಯನ್ನೇ ಅವನ ವಿರುದ್ಧದ ಪುರಾವೆಯನ್ನಾಗಿಸುತ್ತದೆ.

ಈ ಕವಿತೆ ಬಂದದ್ದರ ಹಿಂದಿನ ವರ್ಷ, 1835ರಲ್ಲಿ, ಇಂಗ್ಲಿಷ್ ವೈದ್ಯ ಜೇಮ್ಸ್ ಕೌಲ್ಸ್ ಪ್ರಿಚರ್ಡ್ ಮನೋರೋಗವನ್ನು ಕುರಿತ ಗ್ರಂಥವೊಂದರಲ್ಲಿ ‘ನೈತಿಕ ಉನ್ಮಾದ’ ಎಂಬ ಪರಿಕಲ್ಪನೆಯನ್ನು ವಿವರಿಸಿದ್ದ. ಬುದ್ಧಿಶಕ್ತಿ ಕೆಡದೆ, ತರ್ಕ ಸರಿಯಾಗಿಯೇ ಇದ್ದು, ಭಾವ ಮತ್ತು ನಡತೆ ಮಾತ್ರ ಕೆಡುವ ಸ್ಥಿತಿಯನ್ನು ಅವನು ಹಾಗೆ ಹೆಸರಿಸಿದ್ದು, ಹುಚ್ಚನೆಂದರೆ ಅಸಂಬದ್ಧವಾಗಿ ಬಡಬಡಿಸುವವನೆಂಬ ನಂಬಿಕೆಯನ್ನು ಅದು ಅಲುಗಾಡಿಸಿತು. ಬ್ರೌನಿಂಗ್ 1842ರಲ್ಲಿ ಈ ಕವಿತೆಯನ್ನು ಇನ್ನೊಂದರೊಡನೆ ಜೋಡಿಸಿ ‘ಹುಚ್ಚಾಸ್ಪತ್ರೆಯ ಕೋಣೆಗಳು’ ಎಂಬ ಅರ್ಥದ ಶೀರ್ಷಿಕೆಯಡಿ ಮರುಪ್ರಕಟಿಸಿದ. ಮರುವರ್ಷವೇ ಡೇನಿಯಲ್ ಮೆಕ್‌ನಾಟನ್ ಎಂಬವನ ಮೇಲಿನ ಕೊಲೆ ಮೊಕದ್ದಮೆಯಿಂದಾಗಿ, ತಾನು ಮಾಡುತ್ತಿರುವ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನನ್ನು ಅಪರಾಧಿಯೆನ್ನಲಾಗದೆಂಬ ನಿಯಮಗಳು ಇಂಗ್ಲೆಂಡಿನಲ್ಲಿ ರೂಪುಗೊಂಡವು. 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮಿನ ಮೂಲವೂ ಅಲ್ಲಿಯೇ ಇದೆ. ಪಾರ್ಫೀರಿಯಾಳನ್ನು ಕೊಂದವನಿಗೆ ಆ ರಕ್ಷಣೆ ಸಿಗುತ್ತಿತ್ತೇ ಎಂದು ಕೇಳಿದರೆ ಕವಿತೆ ಎರಡೂ ಕಡೆ ವಾಲುತ್ತದೆ: ಅವಳಿಗೆ ನೋವಾಗಲಿಲ್ಲವೆಂದು ಅವನು ಒತ್ತಿ ಹೇಳುವುದು ಹುಚ್ಚೂ ಇರಬಹುದು, ಅಪರಾಧಿಯ ಸಮಜಾಯಿಷಿಯೂ ಇರಬಹುದು.

ಅದೇ 1842ರ ‘ಡ್ರಮ್ಯಾಟಿಕ್ ಲಿರಿಕ್ಸ್’ ಸಂಕಲನದಲ್ಲಿಯೇ ಬಂದ ‘ಮೈ ಲಾಸ್ಟ್ ಡಚೆಸ್’, ಅಂದರೆ ‘ನನ್ನ ಹಿಂದಿನ ರಾಣಿ’, 56 ಸಾಲುಗಳಷ್ಟು ಚಿಕ್ಕದಾದರೂ ಈ ವಿಷಯದ ಬಗ್ಗೆ ಆ ಶತಮಾನದಲ್ಲಿ ಬಂದ ಅತ್ಯಂತ ಚುರುಕಾದ ಕವಿತೆ ಎನ್ನಬೇಕು. ಇಂಗ್ಲಿಷ್ ಐಚ್ಛಿಕ ತರಗತಿಗಳನ್ನು ಹಾದುಬಂದ ಅನೇಕ ಕನ್ನಡಿಗರಿಗೆ ಇದು ಪರೀಕ್ಷೆಯ ಪ್ರಶ್ನೆಯಾಗಿ ನೆನಪಿನಲ್ಲುಳಿದಿರುವುದು ಅದರ ದುರದೃಷ್ಟ. ಇಲ್ಲಿ ಮಾತನಾಡುವವನು ಇಟಲಿಯ ಫೆರಾರಾದ ಡ್ಯೂಕ್. ಇವನಿಗೆ ಮಾದರಿಯಾದ ಎರಡನೆಯ ಆಲ್ಫೊನ್ಸೊ ದ ಎಸ್ತೆ 1558ರಲ್ಲಿ ಫ್ಲಾರೆನ್ಸಿನ ಮೆಡಿಚಿ ಮನೆತನದ ಲುಕ್ರೇಜಿಯಾಳನ್ನು ಮದುವೆಯಾದಾಗ ಅವಳಿಗೆ 13 ವರ್ಷ. 1561ರಲ್ಲಿ 16ರ ಹರೆಯದಲ್ಲಿ ಅವಳು ತೀರಿಕೊಂಡಳು. ವಿಷವಿಟ್ಟರೆಂಬ ಗುಲ್ಲು ಎದ್ದಿತ್ತಾದರೂ ಅವಳ ಸಾವಿಗೆ ಕ್ಷಯವೇ ಕಾರಣವಿರಬೇಕೆಂದು ಇತಿಹಾಸಕಾರರು ಭಾವಿಸುತ್ತಾರೆ. ಕವಿಗೆ ಬೇಕಾದದ್ದು ಆ ಗುಲ್ಲು ಮಾತ್ರ.

ಮರುಮದುವೆಯ ಮಾತುಕತೆಗೆಂದು ಬಂದ ದೂತನಿಗೆ ಡ್ಯೂಕ್ ತನ್ನ ಅರಮನೆಯ ಚಿತ್ರವೊಂದನ್ನು ತೋರಿಸುತ್ತಿದ್ದಾನೆ. ಗೋಡೆಯ ಮೇಲೆ ಸತ್ತ ರಾಣಿಯ ಭಾವಚಿತ್ರ. ಅದರ ಮುಂದಿನ ಪರದೆಯನ್ನು ಸರಿಸುವ ಹಕ್ಕು ತನಗೊಬ್ಬನಿಗೇ ಎಂಬುದನ್ನು ಮಾತಿನ ಮಧ್ಯೆ, ಏನೂ ಅಲ್ಲವೆಂಬಂತೆ, ಅವನು ತಿಳಿಸುತ್ತಾನೆ. ಬದುಕಿದ್ದಾಗ ಅವಳ ಮುಗುಳ್ನಗೆ ಯಾರಿಗೆ ದೊರೆಯಬೇಕೆಂಬುದು ಅವನ ಹಿಡಿತದಲ್ಲಿರಲಿಲ್ಲ, ಈಗ ಇದೆ. ಅವಳ ಮೇಲೆ ಅವನು ಹೊರಿಸುವ ಆಪಾದನೆಗಳ ಪಟ್ಟಿ ಓದುಗನನ್ನು ಬೆಚ್ಚಿಬೀಳಿಸುವುದು ಅದರ ಕ್ಷುಲ್ಲಕತನದಿಂದ: ಮುಳುಗುವ ಸೂರ್ಯನನ್ನು ಕಂಡು ಸಂತೋಷಪಡುತ್ತಿದ್ದಳು, ಯಾರೋ ತೋಟದಿಂದ ಮುರಿದು ತಂದ ಚೆರ್ರಿಯ ಕೊಂಬೆಗೂ ತಾನೇರುತ್ತಿದ್ದ ಬಿಳಿಯ ಹೇಸರಗತ್ತೆಗೂ ಕೆನ್ನೆ ಕೆಂಪೇರಿಸಿಕೊಳ್ಳುತ್ತಿದ್ದಳು, ಒಂಬೈನೂರು ವರ್ಷಗಳ ಮನೆತನದ ಹೆಸರೆಂಬ ತನ್ನ ಕೊಡುಗೆಯನ್ನು ಮಿಕ್ಕವರ ಕೊಡುಗೆಗಳ ಸಾಲಿನಲ್ಲಿಯೇ ಇಟ್ಟಳು. ಹೀಗೆ ಮಾಡಬೇಡವೆಂದು ಹೇಳಬಹುದಿತ್ತಲ್ಲವೇ? ಹೇಳುವುದೆಂದರೆ ತಗ್ಗಿದಂತೆ, ತಗ್ಗುವುದು ತನ್ನ ಜಾಯಮಾನವಲ್ಲ ಎನ್ನುತ್ತಾನೆ ಡ್ಯೂಕ್. ಕೊಲೆಯ ಪ್ರಸ್ತಾಪ, ಅಪ್ಪಣೆ ಕೊಟ್ಟೆ, ನಗೆಗಳು ನಿಂತವು ಎಂಬ ಅರ್ಥದ ಒಂದು ಸಾಲಿಗಿಂತ ಹೆಚ್ಚಿಲ್ಲ. ಮರುಕ್ಷಣವೇ ಮಾತು ವರದಕ್ಷಿಣೆಗೆ ತಿರುಗಿ, ಮಹಡಿಯಿಳಿಯುವ ದಾರಿಯಲ್ಲಿ ಸಮುದ್ರದೇವತೆ ನೆಪ್ಚೂನ್ ಕಡಲಕುದುರೆಯನ್ನು ಪಳಗಿಸುತ್ತಿರುವ ಕಂಚಿನ ವಿಗ್ರಹದ ಬಳಿ ಬಂದು ನಿಲ್ಲುತ್ತದೆ.

ಕವಿತೆಯ ಬಂಧವೂ ಡ್ಯೂಕನ ಸ್ವಭಾವವನ್ನೇ ಹೋಲುತ್ತದೆ. ಇಡೀ ಕವಿತೆ ಅಂತ್ಯಪ್ರಾಸದ ದ್ವಿಪದಿಗಳಲ್ಲಿದ್ದರೂ ವಾಕ್ಯಗಳು ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನದಕ್ಕೆ ಹರಿಯುವುದರಿಂದ ಪ್ರಾಸ ಕಿವಿಗೆ ಬೀಳುವುದೇ ಇಲ್ಲ; ಮೇಲ್ನೋಟಕ್ಕೆ ಸಹಜವಾದ ಹರಟೆ, ಒಳಗೆ ಕಬ್ಬಿಣದ ಕಟ್ಟು. ದೂತ ಕೊನೆಗೆ ಏನು ಮಾಡಿದನೆಂಬುದನ್ನು ಕವಿತೆ ಹೇಳುವುದಿಲ್ಲ. ಇತಿಹಾಸದಲ್ಲಾದರೆ ಆಲ್ಫೊನ್ಸೊಗೆ 1565ರಲ್ಲಿ ಆಸ್ಟ್ರಿಯಾದ ರಾಜಕುಮಾರಿ ಬಾರ್ಬರಾಳೊಡನೆ ಮದುವೆಯಾಯಿತು.

ಇಂಥ ಕವಿತೆಗಳನ್ನು ಇಟಲಿಯ ಹಳೆಯ ಕಾಲದ ವಿಕೃತಿಗಳೆಂದು ವಿಕ್ಟೋರಿಯಾ ಯುಗದ ಓದುಗರು ದೂರ ಸರಿಸಬಹುದಿತ್ತು, ಬಹುಶಃ ಹಲವರು ಸರಿಸಿಯೂ ಇದ್ದರು. ಆದರೆ ಅವರ ದೇಶದ ಕಾನೂನು ಡ್ಯೂಕನ ತರ್ಕಕ್ಕೆ ಅಷ್ಟೇನೂ ಪರಕೀಯವಾಗಿರಲಿಲ್ಲ. ಮದುವೆಯಾದ ಹೆಣ್ಣಿನ ಕಾನೂನಾತ್ಮಕ ವ್ಯಕ್ತಿತ್ವ ಗಂಡನದರಲ್ಲಿ ಲೀನವಾಗುತ್ತದೆಂಬುದು ಇಂಗ್ಲಿಷ್ ಸಾಮಾನ್ಯ ಕಾನೂನಿನ ತತ್ತ್ವವಾಗಿತ್ತು. ಹೆಂಡತಿ ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳುವ ಹಕ್ಕು ಪೂರ್ಣವಾಗಿ ದೊರೆತದ್ದು 1882ರ ಕಾಯಿದೆಯಿಂದ. ಹೆಂಡತಿಯನ್ನು ಪರಪುರುಷನೊಡನೆ ಕಣ್ಣಾರೆ ಕಂಡು ಆ ಕ್ಷಣದಲ್ಲಿ ಅವನನ್ನು ಕೊಂದ ಗಂಡನ ಅಪರಾಧವನ್ನು ‘ಪ್ರಚೋದನೆ’ಯ ಕಾರಣದಿಂದ ಕೊಲೆಗಿಂತ ಕೆಳದರ್ಜೆಯದೆಂದು ಎಣಿಸಲಾಗುತ್ತಿತ್ತು, ಮತ್ತು ಮುಖ್ಯ ನ್ಯಾಯಮೂರ್ತಿ ಹೋಲ್ಟ್ 18ನೆಯ ಶತಮಾನದ ಆರಂಭದ ತೀರ್ಪೊಂದರಲ್ಲಿ ಇದಕ್ಕೆ ಕಾರಣ ಕೊಡುತ್ತ ವ್ಯಭಿಚಾರವನ್ನು ಆಸ್ತಿಯ ಮೇಲಿನ ಅತಿ ದೊಡ್ಡ ಅತಿಕ್ರಮಣವೆಂದೇ ಬಣ್ಣಿಸಿದ್ದ. 1857ರ ವಿಚ್ಛೇದನ ಕಾಯಿದೆಯ ಪ್ರಕಾರ ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕಾದ ಕಾರಣ, ಹೆಂಡತಿಗಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವೋ ಪರಿತ್ಯಾಗವೋ ಮತ್ತೊಂದೋ ಸಾಬೀತಾಗಬೇಕಿತ್ತು. ಭಾರತಕ್ಕೂ ಈ ಚಿಂತನೆ ದಂಡಸಂಹಿತೆಯ 497ನೆಯ ಕಲಮಾಗಿ ಬಂತು. ಗಂಡನ ಒಪ್ಪಿಗೆಯಿಲ್ಲದೆ ಅವನ ಹೆಂಡತಿಯನ್ನು ಕೂಡಿದವನು ಅಪರಾಧಿ ಎಂದು ಹೇಳುತ್ತಿದ್ದ ಆ ಕಲಮನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ‘ಒಪ್ಪಿಗೆ’ ಯಾರದು ಎಂಬ ಒಂದೇ ಪದದಲ್ಲಿ ಡ್ಯೂಕನ ಪರದೆಯ ಹಗ್ಗ ಕಾಣಿಸುತ್ತದೆ.

ಹೆಣ್ಣು ಕೊಲ್ಲುವ ಕವಿತೆಗಳೂ ಇಲ್ಲದಿಲ್ಲ. ಬ್ರೌನಿಂಗ್‌ನ ‘ದ ಲ್ಯಾಬೊರೇಟರಿ’ಯಲ್ಲಿ (1844) ಫ್ರಾನ್ಸಿನ ಅರಮನೆಯ ಒಬ್ಬಾಕೆ ವಿಷ ತಯಾರಿಸುವ ಮುದುಕನೆದುರು ಕುಳಿತು, ತನ್ನ ಪ್ರತಿಸ್ಪರ್ಧಿಗೆಂದು ಅರೆಯುತ್ತಿರುವ ಮದ್ದಿನ ಬಣ್ಣವನ್ನು ಮಗುವಿನ ಕುತೂಹಲದಿಂದ ನೋಡುತ್ತಾಳೆ. ಡಾಂಟೆ ಗೇಬ್ರಿಯಲ್ ರೊಸೆಟ್ಟಿಯ ‘ಸಿಸ್ಟರ್ ಹೆಲೆನ್’ನಲ್ಲಿ ಕೈಬಿಟ್ಟುಹೋದ ಪ್ರಿಯಕರನ ಮೇಣದ ಗೊಂಬೆಯನ್ನು ಬೆಂಕಿಗಿಟ್ಟು ಕರಗಿಸುತ್ತ ಅವನ ಪ್ರಾಣವನ್ನು ತೆಗೆಯುವ ಹೆಣ್ಣಿದ್ದಾಳೆ, ಮಾಟವೆಂದರೇನೆಂದು ಬಲ್ಲ ಕನ್ನಡ ಓದುಗನಿಗೆ ಅದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಈ ಇಬ್ಬರೂ ದೂರದಿಂದ, ಬೇರೊಂದು ವಸ್ತುವಿನ ಮೂಲಕ ಕೊಲ್ಲುತ್ತಾರೆ, ಇಬ್ಬರಿಗೂ ತಾವು ಮಾಡುತ್ತಿರುವುದು ಕೊಲೆಯೆಂದು ಗೊತ್ತಿದೆ. ಡ್ಯೂಕನಿಗೆ ಆ ಅರಿವಿನ ಅಗತ್ಯವೇ ಬೀಳಲಿಲ್ಲ.

ಕೊಂದವನಿಗೆ ಎದುರಾಡುವ ಕೇಳುಗನೊಬ್ಬನಿದ್ದರೆ ಏನಾದೀತೆಂಬುದನ್ನು ತಿಳಿಯಲು ರಷ್ಯಾದತ್ತ ನೋಡಬೇಕು. ಪುಷ್ಕಿನ್ 1824ರಲ್ಲಿ ಬರೆದು ಮುಗಿಸಿ 1827ರಲ್ಲಿ ಪ್ರಕಟಿಸಿದ ‘ಜಿಪ್ಸಿಗಳು’ ಎಂಬ ಕಥನಕವನದಲ್ಲಿ, ನಗರದ ಕಟ್ಟಳೆಗಳಿಗೆ ಬೇಸತ್ತು ಓಡಿಬಂದ ಅಲೆಕೊ ಅಲೆಮಾರಿಗಳ ಗುಂಪನ್ನು ಸೇರಿ ಜೆಂಫಿರಾ ಎಂಬವಳೊಡನೆ ಬಾಳುತ್ತಾನೆ. ಅವಳ ಮನಸ್ಸು ಬೇರೊಬ್ಬನತ್ತ ಹರಿದಾಗ ಅವಳ ಮುದಿ ತಂದೆ ತನ್ನದೇ ಕತೆಯನ್ನು ಹೇಳುತ್ತಾನೆ: ಅವನ ಹೆಂಡತಿ ಮರಿಯೂಲಾ ಚಿಕ್ಕ ಮಗಳನ್ನು ಬಿಟ್ಟು ಬೇರೊಬ್ಬನೊಡನೆ ಹೊರಟುಹೋಗಿದ್ದಳು. ಬೆನ್ನಟ್ಟಿ ಇಬ್ಬರನ್ನೂ ಏಕೆ ಇರಿಯಲಿಲ್ಲವೆಂದು ಅಲೆಕೊ ಕೇಳಿದರೆ, ಒಲವನ್ನು ಕಟ್ಟಿಹಾಕಬಲ್ಲವರು ಯಾರೆಂಬುದು ಮುದುಕನ ಮರುಪ್ರಶ್ನೆ. ಅಲೆಕೊ ಕೊನೆಗೆ ಜೆಂಫಿರಾಳನ್ನೂ ಅವಳ ಪ್ರಿಯಕರನನ್ನೂ ಕೊಲ್ಲುತ್ತಾನೆ, ಮತ್ತು ಜಿಪ್ಸಿಗಳು ಅವನಿಗೆ ಶಿಕ್ಷೆ ಕೊಡುವುದಿಲ್ಲ. ನೀನು ಸ್ವಾತಂತ್ರ್ಯವನ್ನು ಬಯಸಿದ್ದು ನಿನಗೊಬ್ಬನಿಗೆ ಮಾತ್ರ ಎಂದು ಹೇಳಿ, ಗಾಡಿಗಳನ್ನು ಹೂಡಿಕೊಂಡು, ಅವನನ್ನು ಬಯಲಿನಲ್ಲಿ ಬಿಟ್ಟು ಮುಂದೆ ಸಾಗುತ್ತಾರೆ. ಈ ಕತೆಯ ಸರಕಿನಿಂದ ರಷ್ಯಾದ ಸಂಗೀತಕಾರ ರಖ್ಮಾನಿನೊವ್ ‘ಅಲೆಕೊ’ ಎಂಬ ಗೀತನಾಟಕವನ್ನು ರಚಿಸಿದ. ಪುಷ್ಕಿನ್ ಅಲೆಮಾರಿಗಳನ್ನು ತುಸು ಹೆಚ್ಚೇ ಆದರ್ಶವಾಗಿಸಿದನೆಂಬುದು ನಿಜ, ಆದರೆ ಅವರ ಬಾಯಿಂದ ಬಂದ ಆ ತೀರ್ಪು ಯಾವ ದಂಡಸಂಹಿತೆಗಿಂತಲೂ ಕರಾರುವಾಕ್ಕಾದದ್ದು. ಆ ಮುದುಕನ ವಿವೇಕ ಕವಿಯನ್ನೇ ಕಾಯಲಿಲ್ಲ. ಹೆಂಡತಿಯ ಹೆಸರಿಗಂಟಿದ ಗಾಳಿಮಾತಿನಿಂದ ಕೆರಳಿ ದ್ವಂದ್ವಯುದ್ಧಕ್ಕಿಳಿದ ಪುಷ್ಕಿನ್ 1837ರಲ್ಲಿ ಗುಂಡೇಟಿನಿಂದ ಸತ್ತ.

ಬ್ರೌನಿಂಗ್ ಮತ್ತೆ ಈ ವಸ್ತುವಿಗೆ ಹಿಂದಿರುಗಿದ್ದು ಆಕಸ್ಮಿಕವಾಗಿ. 1860ರ ಜೂನ್‌ನಲ್ಲಿ ಫ್ಲಾರೆನ್ಸಿನ ಸಾನ್ ಲೊರೆಂಜೊ ಚೌಕದ ಸಂತೆಯಲ್ಲಿ ಹಳೆಯ ಸಾಮಾನುಗಳ ನಡುವೆ ಬಿದ್ದಿದ್ದ, ಚರ್ಮದ ಹೊದಿಕೆಯ ಕಟ್ಟೊಂದನ್ನು ಅವನು ಒಂದು ಲೀರಾ ಕೊಟ್ಟು ಕೊಂಡ. ಅದರೊಳಗಿದ್ದುದು 1698ರಲ್ಲಿ ರೋಮಿನಲ್ಲಿ ನಡೆದ ಕೊಲೆ ಮೊಕದ್ದಮೆಯ ವಾದಪತ್ರಗಳು. ಅರೆತ್ಸೊ ಊರಿನ ಬಡಪಟ್ಟ ಶ್ರೀಮಂತ ಗೀದೊ ಫ್ರಾಂಚೆಸ್ಕೀನಿ 13ರ ಹುಡುಗಿ ಪೊಂಪಿಲಿಯಾಳನ್ನು ವರದಕ್ಷಿಣೆಯ ಆಸೆಯಿಂದ ಮದುವೆಯಾಗಿದ್ದ. ಅವನ ಹಿಂಸೆ ತಾಳದೆ 1697ರಲ್ಲಿ ಅವಳು ಕಪೊನ್ಸಾಕಿ ಎಂಬ ಯುವ ಪಾದ್ರಿಯ ನೆರವಿನಿಂದ ರೋಮಿನತ್ತ ಓಡಿದಳು. ಅವಳು ಮಗುವನ್ನು ಹೆತ್ತು ಸುಮಾರು ಎರಡು ವಾರ ಕಳೆದಿದ್ದಾಗ, 1698ರ ಜನವರಿ 2ರ ರಾತ್ರಿ, ಗೀದೊ ನಾಲ್ವರು ಬಂಟರೊಡನೆ ಅವಳಿದ್ದ ಮನೆಗೆ ಬಂದು ಬಾಗಿಲು ತಟ್ಟಿದ. ಒಳಗಿನವರು ಬಾಗಿಲು ತೆರೆದದ್ದು ಅವನು ಕಪೊನ್ಸಾಕಿಯ ಹೆಸರು ಹೇಳಿದ್ದರಿಂದ. ಅವಳನ್ನು ಸಾಕಿದ ಮುದಿ ದಂಪತಿ ಅಲ್ಲಿಯೇ ಸತ್ತರು, 17 ವರ್ಷದ ಪೊಂಪಿಲಿಯಾ ಮೈತುಂಬ ಇರಿತಗಳೊಡನೆ ನಾಲ್ಕು ದಿನ ಜೀವ ಹಿಡಿದು, ಹೇಳಿಕೆ ಕೊಟ್ಟು ಕಣ್ಣುಮುಚ್ಚಿದಳು.

ಗೀದೊ ಕೊಂದನೋ ಇಲ್ಲವೋ ಎಂಬುದು ವಿವಾದವೇ ಆಗಿರಲಿಲ್ಲವೆಂಬುದು ಆ ಕಾಗದಗಳ ವಿಶೇಷ. ವ್ಯಭಿಚಾರಿಣಿಯಾದ ಹೆಂಡತಿಯನ್ನು ಗಂಡ ಮಾನರಕ್ಷಣೆಗಾಗಿ ಕೊಂದರೆ ಸಾಮಾನ್ಯ ಶಿಕ್ಷೆಗೆ ಗುರಿಯಾಗಬೇಕೇ, ಕೋಪ ಕುದಿದ ಕ್ಷಣದಲ್ಲಲ್ಲದೆ ತಿಂಗಳುಗಳ ಬಳಿಕ ಕೊಂದರೂ ವಿನಾಯಿತಿ ಇದೆಯೇ ಎಂಬುದರ ಮೇಲೆ ವಕೀಲರು ಶಾಸ್ತ್ರಗಳನ್ನು ಉಲ್ಲೇಖಿಸುತ್ತ ಲ್ಯಾಟಿನ್ನಿನಲ್ಲಿ ಕಾದಾಡಿದ್ದರು. ಇಂದಿನ ಕನ್ನಡ ಪತ್ರಿಕೆಗಳು ‘ಮರ್ಯಾದೆಗೇಡು ಹತ್ಯೆ’ ಎಂದು ತಿದ್ದಿ ಬರೆಯುವ ಅಪರಾಧದ ಪರವಾಗಿ ಎಷ್ಟು ವ್ಯವಸ್ಥಿತವಾದ ವಾದವನ್ನು ಕಟ್ಟಬಹುದೆಂಬುದಕ್ಕೆ ಅದೊಂದು ಮಾದರಿ. ಗೀದೊ ತಾನು ಕಿರಿಯ ಧಾರ್ಮಿಕ ದೀಕ್ಷೆ ಪಡೆದವನೆಂದು ಹೇಳಿ ಪೋಪರ ಮೊರೆಹೊಕ್ಕ. ಹನ್ನೆರಡನೆಯ ಇನ್ನೊಸೆಂಟ್ ಆ ಮನವಿಯನ್ನು ತಳ್ಳಿಹಾಕಿದ ಮೇಲೆ, ಫೆಬ್ರವರಿ 22ರಂದು ಅವನ ತಲೆ ಕಡಿದು, ಬಂಟರನ್ನು ಗಲ್ಲಿಗೇರಿಸಲಾಯಿತು.

ಈ ಕಾಗದಗಳಿಂದ ಬ್ರೌನಿಂಗ್ ಕಟ್ಟಿದ ‘ದ ರಿಂಗ್ ಅಂಡ್ ದ ಬುಕ್’ 1868ರ ನವೆಂಬರಿನಿಂದ 1869ರ ಫೆಬ್ರವರಿಯವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂತು. ಹನ್ನೆರಡು ಭಾಗ, ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕ ಸಾಲು. ಹೆಸರಿನಲ್ಲಿರುವ ಉಂಗುರದ ರೂಪಕ ಅಕ್ಕಸಾಲಿಗನ ಕೆಲಸದಿಂದ ಬಂದದ್ದು: ಅಪ್ಪಟ ಚಿನ್ನ ಕೆತ್ತನೆಗೆ ಒಗ್ಗದೆ ಬಾಗುವುದರಿಂದ ಅದಕ್ಕೆ ಬೆರಕೆ ಲೋಹವನ್ನು ಸೇರಿಸಿ ಕೆತ್ತಿ, ಕೊನೆಗೆ ಆಮ್ಲದಿಂದ ಮೇಲಿನ ಬೆರಕೆಯನ್ನು ತೊಳೆಯುತ್ತಾರೆ, ಹಾಗೆಯೇ ದಾಖಲೆಯ ಚಿನ್ನಕ್ಕೆ ಕವಿಯ ಕಲ್ಪನೆ ಬೆರೆತಿದೆ. ಒಂದೇ ಕೊಲೆಯನ್ನು ಗಂಡನ ಪರವಾದ ಅರ್ಧ ರೋಮ್, ಹೆಂಡತಿಯ ಪರವಾದ ಇನ್ನರ್ಧ, ಎರಡಕ್ಕೂ ಸೇರದ ಮೇಲುವರ್ಗದ ಒಬ್ಬ, ಗೀದೊ, ಕಪೊನ್ಸಾಕಿ, ಪೊಂಪಿಲಿಯಾ, ಇಬ್ಬರು ವಕೀಲರು, ಪೋಪ್ ಹೀಗೆ ಒಬ್ಬೊಬ್ಬರೂ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. ವಕೀಲರ ಭಾಗಗಳು ಓದುಗನ ತಾಳ್ಮೆಯನ್ನು ಸವೆಸುವಷ್ಟು ಉದ್ದವಾಗಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗೀದೊಗೆ ಮಾತ್ರ ಎರಡು ಬಾರಿ ಮಾತು ಸಿಗುವುದರಲ್ಲಿ ಇಡೀ ಕಾವ್ಯದ ಕೀಲಿ ಇದೆ. ಮೊದಲ ಸಲ, ನ್ಯಾಯಾಧೀಶರೆದುರು, ಅವನು ಮಾನ, ಕುಲ, ಗಾಯಗೊಂಡ ಗಂಡನ ಸಂಕಟ ಎಂದೆಲ್ಲ ಸಭ್ಯವಾಗಿ ಮಾತನಾಡುತ್ತಾನೆ. ಎರಡನೆಯ ಸಲ, ಮರಣದಂಡನೆಯ ಹೊತ್ತು ಸಮೀಪಿಸಿದಾಗ, ಸೆರೆಮನೆಯಲ್ಲಿ ಆ ಪದಗಳೆಲ್ಲ ಕಳಚಿಬಿದ್ದು ಹೆಂಡತಿಯ ಮೇಲಿನ ದ್ವೇಷ ಬತ್ತಲೆಯಾಗುತ್ತದೆ. ಅಲ್ಲಿ ಈರ್ಷ್ಯೆಯೂ ಇರಲಿಲ್ಲ, ಅದು ಹಾಕಿಕೊಂಡ ವೇಷವಾಗಿತ್ತು ಎಂದು ಓದುಗನಿಗೆ ಹೊಳೆಯುವ ಹೊತ್ತಿಗೆ, ತನ್ನನ್ನು ಕರೆದೊಯ್ಯಲು ಬಂದವರ ಸದ್ದು ಕೇಳಿ ಗೀದೊ ಸಿಕ್ಕಸಿಕ್ಕವರ ಹೆಸರು ಕೂಗುತ್ತಾನೆ, ಕಟ್ಟಕಡೆಗೆ ತಾನು ಕೊಂದವಳ ಹೆಸರನ್ನು ಕೂಗಿ ಕಾಪಾಡೆಂದು ಬೇಡುತ್ತಾನೆ.

ಪಾರ್ಫೀರಿಯಾಳಿಗೂ ಫೆರಾರಾದ ರಾಣಿಗೂ ಸಿಗದ ಮಾತು ಪೊಂಪಿಲಿಯಾಳಿಗೆ ಸಿಕ್ಕಿತು, ಏಳನೆಯ ಭಾಗವಿಡೀ ಅವಳದು. ತನಗೆ ಬರೆಯಲು ಬಾರದೆಂದು ಹೇಳಿದ ಹುಡುಗಿಯ ಬಾಯಲ್ಲಿ ಕವಿ ಇಟ್ಟ ಆ ಮಾತುಗಳಲ್ಲಿ ಅವಳದೆಷ್ಟು, ಬೆರಕೆಯೆಷ್ಟು ಎಂಬ ಪ್ರಶ್ನೆ ಉಳಿಯುತ್ತದೆ, ಆದರೂ ಮೂವತ್ತು ವರ್ಷಗಳಲ್ಲಿ ಬ್ರೌನಿಂಗ್ ನಡೆದ ದೂರ ಅದರಿಂದ ತಿಳಿಯುತ್ತದೆ. ಮಿಕ್ಕವರು ಅಷ್ಟು ದೂರ ನಡೆಯಲಿಲ್ಲ. ಶತಮಾನ ಮುಗಿಯುತ್ತಿದ್ದಾಗ, 1898ರಲ್ಲಿ, ಆಸ್ಕರ್ ವೈಲ್ಡ್ ತನ್ನ ಹೆಸರಿನ ಬದಲು ಸಿ.3.3. ಎಂಬ, ತಾನಿದ್ದ ಸೆರೆಕೋಣೆಯ ಸಂಖ್ಯೆಯನ್ನಿಟ್ಟು ಪ್ರಕಟಿಸಿದ ‘ದ ಬ್ಯಾಲಡ್ ಆಫ್ ರೆಡಿಂಗ್ ಜೈಲ್’ನ ಕೇಂದ್ರದಲ್ಲಿರುವವನು, ಈರ್ಷ್ಯೆಯಿಂದ ಹೆಂಡತಿಯ ಕತ್ತು ಕೊಯ್ದು 1896ರ ಜುಲೈ 7ರಂದು ಅದೇ ಸೆರೆಮನೆಯಲ್ಲಿ ಗಲ್ಲಿಗೇರಿದ ಸೈನಿಕ ಚಾರ್ಲ್ಸ್ ಥಾಮಸ್ ವೂಲ್ಡ್ರಿಜ್. ನೀಲಿ ಸಮವಸ್ತ್ರದ ದಳಕ್ಕೆ ಸೇರಿದ ಅವನಿಗೆ ರಕ್ತದೊಡನೆ ಹೊಂದಲೆಂದು ವೈಲ್ಡ್ ಕೆಂಪಂಗಿಯನ್ನು ಕಲ್ಪಿಸಿದ, ರಸ್ತೆಯಲ್ಲಿ ನಡೆದ ಕೊಲೆಯನ್ನು ಹಾಸಿಗೆಗೆ ಒಯ್ದ, ಪ್ರತಿಯೊಬ್ಬನೂ ತಾನೊಲಿದದ್ದನ್ನು ಒಂದಲ್ಲ ಒಂದು ರೀತಿಯಲ್ಲಿ ಕೊಲ್ಲುತ್ತಾನೆಂಬ ಮಾತನ್ನು ಪಲ್ಲವಿಯಾಗಿಸಿ ಅವನ ಅಪರಾಧವನ್ನು ಲೋಕಕ್ಕೆಲ್ಲ ಹಂಚಿದ. ಗಲ್ಲುಶಿಕ್ಷೆಯ ವಿರುದ್ಧ ಅಂಥ ಕವಿತೆ ಮತ್ತೊಂದಿಲ್ಲ. ಅದರ ಅರ್ಪಣೆಯ ಪುಟದಲ್ಲಿ ಗಂಡನ ಹೆಸರಿನ ಮೂರು ಮೊದಲಕ್ಷರಗಳಿವೆ. ಕೊಲೆಯಾದ ಲಾರಾ ಎಲೆನ್‌ಳ ಹೆಸರು 109 ಪದ್ಯಗಳಲ್ಲಿ ಎಲ್ಲಿಯೂ ಇಲ್ಲ.